ವಿರಸಾಂತ ಕಾದಂಬರಿಯೂ ಅದರ ವಾಚಕರೂ

ಗ್ರಂಥವೊಂದು ಏಕಕಾಲದಲ್ಲಿ ಸನ್ಮಾನಕ್ಕೂ ಬಹಿಷ್ಕಾರಕ್ಕೂ ಗುರಿಯಾಗುವುದು ಅಪೂರ್ವವೇನಲ್ಲ. ಆದರೆ ಎಳೆಯರ ಕೈಗೆಂದು ಪ್ರಕಟವಾದ ಪುಸ್ತಕವೊಂದು ದಶಕ ದಶಕಗಳ ಕಾಲ ಈ ಎರಡು ಗತಿಗಳನ್ನೂ ಒಟ್ಟಿಗೆ ಅನುಭವಿಸಿದ ನಿದರ್ಶನ ವಿರಳ. ಅಮೆರಿಕಾ ದೇಶದ ರಾಬರ್ಟ್ ಕಾರ್ಮಿಯರ್ ಎಂಬ ಕಾದಂಬರೀಕಾರನು 1974ರಲ್ಲಿ ಹೊರತಂದ ‘ದಿ ಚಾಕೊಲೆಟ್ ವಾರ್’ ಅಂತಹುದು. ಶಾಲೆಗಳಿಂದಲೂ ಗ್ರಂಥಾಲಯಗಳಿಂದಲೂ ತೆಗೆದುಹಾಕಬೇಕೆಂದು ಜನರು ಆಕ್ಷೇಪಿಸಿದ ಪುಸ್ತಕಗಳ ಪಟ್ಟಿಯನ್ನು ಆ ದೇಶದ ಗ್ರಂಥಾಲಯ ಸಂಘವು ಸಿದ್ಧಪಡಿಸುವ ಪದ್ಧತಿಯಿದೆ. 1990ರಿಂದ 1999ರವರೆಗಿನ ಪಟ್ಟಿಯಲ್ಲಿ ಈ ಕಾದಂಬರಿಗೆ ನಾಲ್ಕನೆಯ ಸ್ಥಾನ. 2000ದಿಂದ 2009ರವರೆಗಿನ ಪಟ್ಟಿಯಲ್ಲಿ ಮೂರನೆಯ ಸ್ಥಾನ. ಅದೇ ಸಂಘದ ಆಶ್ರಯದಲ್ಲಿ ತರುಣರಿಗಾಗಿ ಬರೆಯುವ ಲೇಖಕರಿಗೆ ಸಲ್ಲುವ ಮಾರ್ಗರೆಟ್ ಎಡ್ವರ್ಡ್ಸ್ ಪುರಸ್ಕಾರವು 1991ರಲ್ಲಿ ಕಾರ್ಮಿಯರನಿಗೆ ದೊರೆತಾಗ, ಅದಕ್ಕೆ ಕಾರಣವಾದ ಕೃತಿಗಳಲ್ಲಿ ಇದೂ ಒಂದು. ಹನ್ನೆರಡು ಹದಿನಾಲ್ಕರ ಮಕ್ಕಳು ಇಂಗ್ಲಿಷ್ ಕಾದಂಬರಿಗಳನ್ನು ತಾವಾಗಿಯೇ ಆರಿಸಿಕೊಂಡು ಓದುವ ಈ ಕಾಲದಲ್ಲಿ ಅಲ್ಲಿನ ವಾಚಕರ ಈ ವಾದವಿವಾದವನ್ನು ಪರಿಶೀಲಿಸುವುದು ನಿಷ್ಪ್ರಯೋಜಕವಾಗಲಾರದು.

ಕಥೆಯ ಬೀಜ ಬಹು ಸಣ್ಣದು. ಕಾರ್ಮಿಯರನು ಮ್ಯಾಸಚೂಸೆಟ್ಸ್ ಪ್ರಾಂತದ ಲೆಮಿನ್‌ಸ್ಟರ್ ಎಂಬ ಊರಿನವನು. ನೆರೆಯ ಫಿಚ್‌ಬರ್ಗ್ ನಗರದ ವೃತ್ತಪತ್ರಿಕೆಯಲ್ಲಿ ಬಹುಕಾಲ ದುಡಿದವನು. ಶಾಲೆಯ ಖರ್ಚಿಗಾಗಿ ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಮಿಠಾಯಿ ಮಾರುವುದು ಆ ಸೀಮೆಯ ರೂಢಿ. ಅವನ ಮಗನೂ ಒಂದು ದಿನ ಚಾಕೊಲೆಟ್ ಪೆಟ್ಟಿಗೆಗಳನ್ನು ಹೊತ್ತು ಮನೆಗೆ ಬಂದ. ಮನೆಯವರೆಲ್ಲ ಕುಳಿತು ಮಾತನಾಡಿದರು. ಇಷ್ಟವಿಲ್ಲದಿದ್ದರೆ ಮಾರಬೇಕಾಗಿಲ್ಲವೆಂದು ತೀರ್ಮಾನವಾಯಿತು. ಮರುದಿನ ಹುಡುಗ ಪೆಟ್ಟಿಗೆಗಳನ್ನು ಹಿಂದಿರುಗಿಸಿದ. ಯಾರೂ ಏನೂ ಅನ್ನಲಿಲ್ಲ. ನಡೆದ ಸಂಗತಿ ಇಷ್ಟೆ. ಏನಾದರೂ ಆಗಿದ್ದರೆ ಗತಿಯೇನೆಂದು ತಂದೆಯ ಮನಸ್ಸಿನಲ್ಲಿ ಎದ್ದ ಶಂಕೆಯೇ ಬೆಳೆದು ಕಾದಂಬರಿಯಾಯಿತು. ಅದರ ಮುಕ್ತಾಯವನ್ನು ಬದಲಾಯಿಸಿಕೊಡಬೇಕೆಂದು ಕೇಳಿದ ಪ್ರಕಾಶಕರಿಗೆ ಅವನು ಒಪ್ಪಲಿಲ್ಲ. ಒಂದಕ್ಕಿಂತ ಹೆಚ್ಚು ಕಡೆಗಳಿಂದ ಹಸ್ತಪ್ರತಿ ಹಿಂದಿರುಗಿ ಬಂದ ಮೇಲೆ ಪ್ಯಾಂಥಿಯನ್ ಸಂಸ್ಥೆಯವರು ಅದನ್ನು ಇದ್ದಂತೆಯೇ ಅಚ್ಚು ಹಾಕಿದರು.

ಕಥಾನಾಯಕ ಜೆರಿ ರೆನೊ ‘ಟ್ರಿನಿಟಿ’ ಎಂಬ ಕ್ಯಾಥೊಲಿಕ್ ಗಂಡುಮಕ್ಕಳ ಶಾಲೆಗೆ ಹೊಸದಾಗಿ ಸೇರಿದವನು. ತಾಯಿ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ತಂದೆ ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಬರುತ್ತಾನೆ, ಒರಗುತ್ತಾನೆ, ಮತ್ತೆ ಹೋಗುತ್ತಾನೆ. ಮಗ ಏನು ಕೇಳಿದರೂ ಎಲ್ಲ ಚೆನ್ನಾಗಿದೆಯೆಂಬ ಒಂದೇ ಉತ್ತರ. ಶಾಲೆಯ ಮುಖ್ಯೋಪಾಧ್ಯಾಯ ಕಾಯಿಲೆ ಬಿದ್ದಿರಲು, ಅಧಿಕಾರ ವಹಿಸಿಕೊಂಡ ಬ್ರದರ್ ಲಿಯಾನ್ ಎಂಬ ಅಧ್ಯಾಪಕನು ಶಾಲೆಯ ಹಣದಿಂದ ಇಪ್ಪತ್ತು ಸಾವಿರ ಚಾಕೊಲೆಟ್ ಪೆಟ್ಟಿಗೆಗಳನ್ನು ಕೊಂಡು ಹಾಕುತ್ತಾನೆ. ನಾನೂರು ಹುಡುಗರು, ತಲೆಗೆ ಐವತ್ತು ಪೆಟ್ಟಿಗೆ; ಹಿಂದಿನ ವರ್ಷ ಒಂದು ಡಾಲರಿದ್ದ ಬೆಲೆ ಈಗ ಎರಡು. ಇಷ್ಟನ್ನು ಮಾರಿಸಲು ತನ್ನೊಬ್ಬನಿಂದ ಆಗದೆಂದು ತಿಳಿದು, ಶಾಲೆಯೊಳಗೆ ಗುಪ್ತವಾಗಿ ನಡೆಯುವ ‘ವಿಜಿಲ್ಸ್’ ಎಂಬ ವಿದ್ಯಾರ್ಥಿಕೂಟದ ನೆರವನ್ನು ಬೇಡುತ್ತಾನೆ. ಆ ಕೂಟದ ಮಿದುಳು ಆರ್ಚಿ ಕಾಸ್ಟೆಲೊ. ಅವನು ಯಾರ ಮೇಲೂ ಕೈಯೆತ್ತುವವನಲ್ಲ. ಯಾವ ಹುಡುಗನಿಂದ ಯಾವ ಕಿರುಕುಳದ ಕಾರ್ಯವನ್ನು ಮಾಡಿಸಬೇಕೆಂದು ಯೋಚಿಸಿ ನೇಮಿಸುವುದೇ ಅವನ ವೃತ್ತಿ. ಜೆರಿಗೆ ಬಿದ್ದ ನೇಮ ಹತ್ತು ದಿನ ಚಾಕೊಲೆಟ್ ಮಾರುವುದಿಲ್ಲವೆನ್ನುವುದು. ಹತ್ತು ದಿನಗಳು ಕಳೆದವು. ಇನ್ನು ಒಪ್ಪಿಕೊಳ್ಳುವನೆಂದು ಎಲ್ಲರೂ ಕಾದಿರಲು ಅವನು ಮತ್ತೆಯೂ ಇಲ್ಲವೆಂದ. ಏಕೆಂದು ಅವನಿಗೇ ಪೂರ್ಣವಾಗಿ ತಿಳಿಯದು.

ಮುಂದಿನದು ಶೀಘ್ರ. ಮೊದಲು ಮೆಚ್ಚಿದವರೇ ಬೆನ್ನು ತಿರುಗಿಸುತ್ತಾರೆ. ನಡುರಾತ್ರಿ ಟೆಲಿಫೋನ್ ಮೊಳಗುತ್ತದೆ, ಎತ್ತಿದರೆ ನಗು. ಪುಸ್ತಕದ ಬೀರು ಹಾಳಾಗುತ್ತದೆ, ಬಳಿಕ ಬರಿದಾಗುತ್ತದೆ. ಎದುರಿಗೆ ಬಂದವರು ಅವನಿಲ್ಲವೆಂಬಂತೆ ನಡೆದುಹೋಗುತ್ತಾರೆ. ಕೊನೆಯಲ್ಲಿ ಆಟದ ಮೈದಾನದಲ್ಲಿ ರಾತ್ರಿ ಒಂದು ಮುಷ್ಟಿಯುದ್ಧ ಏರ್ಪಡುತ್ತದೆ. ಒಂದು ಕಡೆ ಜೆರಿ, ಇನ್ನೊಂದು ಕಡೆ ಎಮಿಲ್ ಜಾನ್ಜಾ ಎಂಬ ಕ್ರೂರಿ. ಹಣ ಕೊಟ್ಟು ಚೀಟಿ ಕೊಂಡ ಹುಡುಗರು ಯಾರು ಯಾರಿಗೆ ಎಲ್ಲಿ ಹೊಡೆಯಬೇಕೆಂದು ಬರೆದುಕೊಡುತ್ತಾರೆ. ಶಾಲೆಗೆ ಶಾಲೆಯೇ ಕುಳಿತು ನೋಡುತ್ತದೆ. ಒಮ್ಮೆ ತಾನು ಬಲವಾಗಿ ಹೊಡೆದಾಗ ತನಗಾದ ಸಂತೋಷವನ್ನು ಕಂಡು ಜೆರಿಗೆ ತನ್ನ ಮೇಲೆಯೇ ಹೇಸಿಕೆ ಹುಟ್ಟುತ್ತದೆ. ದವಡೆ ಮುರಿದು ಬಿದ್ದ ಅವನು ತನ್ನ ಗೆಳೆಯ ಗೂಬರನಿಗೆ ಹೇಳಬೇಕೆಂದು ಒದ್ದಾಡುವ ಮಾತು ಒಂದೇ: ಎದುರು ನಿಲ್ಲಬೇಡ, ಅವರು ಹೇಳಿದಂತೆ ಕೇಳು, ಇಲ್ಲದಿದ್ದರೆ ಉಳಿಯಗೊಡುವುದಿಲ್ಲ. ಚಾಕೊಲೆಟ್ಟೆಲ್ಲ ಮಾರಾಟವಾಗುತ್ತದೆ. ಆರ್ಚಿಗೆ ಲಿಯಾನನ ರಕ್ಷಣೆ ದೊರೆಯುತ್ತದೆ. ಕಾದಂಬರಿ ಮುಗಿಯುತ್ತದೆ.

ಇಂತಹ ಮುಕ್ತಾಯವನ್ನು ಓದಿ ಹಿರಿಯರು ತಲ್ಲಣಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಗ್ರಂಥಪಾಲಕರಿಗೆ ಹೊಸ ಪುಸ್ತಕಗಳನ್ನು ಪರಿಚಯಿಸುವ ‘ಬುಕ್‌ಲಿಸ್ಟ್’ ಪತ್ರಿಕೆಯು ಈ ಕೃತಿಯ ವಿಮರ್ಶೆಗೆ ಮರಣವಾರ್ತೆಗೆ ಹಾಕುವಂತೆ ಕಪ್ಪು ಅಂಚು ಕಟ್ಟಿ ಪ್ರಕಟಿಸಿತು. 1980ರಲ್ಲಿ ನಾರ್ಮಾ ಬ್ಯಾಗ್ನಲ್ ಎಂಬ ವಿಮರ್ಶಕಿ ಪೂರ್ವಪಕ್ಷವನ್ನು ಸಮರ್ಥವಾಗಿ ಮಂಡಿಸಿದರು. ಈ ಪುಸ್ತಕ ವಾಸ್ತವದ ಹೆಸರಿನಲ್ಲಿ ವಾಸ್ತವದ ಅರ್ಧವನ್ನು ಮಾತ್ರ ತೋರಿಸುತ್ತದೆ, ನೆಚ್ಚತಕ್ಕ ಹಿರಿಯನೊಬ್ಬನೂ ಇದರಲ್ಲಿಲ್ಲ, ಒಳ್ಳೆಯತನ ಎಲ್ಲೆಡೆ ಸೋಲುತ್ತದೆ, ಆದ್ದರಿಂದ ಎಳೆಯರಿಗೆ ಇದು ನೈರಾಶ್ಯವನ್ನು ಕಲಿಸುತ್ತದೆ ಎಂಬುದು ಅವರ ವಾದದ ಸಾರ. ಅದೇ ವರ್ಷ ಬೆಟ್ಟಿ ಕಾರ್ಟರ್ ಮತ್ತು ಕೇರನ್ ಹ್ಯಾರಿಸ್ ಎಂಬಿಬ್ಬರು ಇದಕ್ಕೆ ಉತ್ತರ ಕೊಟ್ಟರು. ಕಾರ್ಮಿಯರನು ಆಶೆಯನ್ನು ಕಿತ್ತುಕೊಳ್ಳುವುದಿಲ್ಲ, ಎಚ್ಚರಿಕೆಯನ್ನು ಕೊಡುತ್ತಾನೆ. ದುಷ್ಟತನಕ್ಕೆ ಇದಿರು ನಿಲ್ಲದವನು ತಾನು ನಿರಪರಾಧಿಯೆನ್ನಲಾಗದು ಎಂಬುದನ್ನು ಮನಗಾಣಿಸುತ್ತಾನೆ ಎಂದು ಅವರ ಸಮಾಧಾನ. ಅಲ್ಲಿಂದ ಮುಂದಿನ ವಾದಗಳೆಲ್ಲ ಬಹುಮಟ್ಟಿಗೆ ಈ ಎರಡು ಮಾತುಗಳ ವ್ಯಾಖ್ಯಾನಗಳೇ.

ತಂದೆತಾಯಿಗಳಲ್ಲಿ ಅನೇಕರ ದೂರು ಇಷ್ಟು ಆಳಕ್ಕೆ ಹೋಗಿಲ್ಲ. ಹುಡುಗರ ಬಾಯಲ್ಲಿ ಬರುವ ಒರಟು ಮಾತುಗಳು, ಪ್ರಾಯದ ಕಾಮನೆಗಳ ಪ್ರಸ್ತಾಪ, ಧರ್ಮಗುರುಗಳ ಅವಹೇಳನ, ಇವೇ ಅವರ ಆಕ್ಷೇಪಕ್ಕೆ ಕಾರಣ. ಭಾರತೀಯ ಆಲಂಕಾರಿಕರು ಅಶ್ಲೀಲವನ್ನು ದೋಷಗಳಲ್ಲಿ ಎಣಿಸಿ, ಲಜ್ಜೆ, ಜುಗುಪ್ಸೆ, ಅಮಂಗಳ ಎಂದು ಮೂರು ಬಗೆ ಮಾಡಿದ್ದಾರೆ. ಆದರೆ ಹೇಳುವವನ ಸ್ವಭಾವಕ್ಕೆ ತಕ್ಕುದಾದಲ್ಲಿ ದೋಷವು ದೋಷವಾಗಿ ಉಳಿಯುವುದಿಲ್ಲವೆಂದೂ ಒಪ್ಪಿದ್ದಾರೆ. ಜಾನ್ಜಾನಂತಹವನು ಪಂಡಿತನಂತೆ ಮಾತನಾಡಿದರೆ ಅದೇ ಅನೌಚಿತ್ಯ. ಈ ಆಕ್ಷೇಪವನ್ನು ಇಷ್ಟಕ್ಕೇ ಬಿಡಬಹುದು.

ಇನ್ನು ಯಾರಿಗಾಗಿ ಈ ಜಗಳವೋ ಆ ಎಳೆಯರ ಮಾತು. ಅವರಲ್ಲಿಯೂ ಏಕಾಭಿಪ್ರಾಯವಿಲ್ಲ. ಜೆರಿ ಗೆಲ್ಲಲಿಲ್ಲವೆಂದು ಸಿಟ್ಟಾಗಿ ಪುಸ್ತಕವನ್ನು ಬದಿಗೊತ್ತುವವರು ಕೆಲವರು. ಪಾತ್ರಗಳು ಹೆಚ್ಚಾಗಿ ದಿಕ್ಕು ತಪ್ಪಿತೆನ್ನುವವರು ಕೆಲವರು. ನಮ್ಮ ಶಾಲೆಯಲ್ಲಿಯೂ ಒಬ್ಬ ಆರ್ಚಿಯಿದ್ದಾನೆಂದು ಒಪ್ಪಿಕೊಳ್ಳುವವರು ಬಹಳ ಮಂದಿ. ಮಕ್ಕಳ ಲೋಕ ಇಷ್ಟು ಕರಾಳವಲ್ಲವೆಂದು ವಾದಿಸುವವರು ಹೆಚ್ಚಾಗಿ ಆ ಲೋಕವನ್ನು ಬಿಟ್ಟು ಬಹುಕಾಲವಾದವರು ಎಂಬುದು ಗಮನಾರ್ಹ. ಎಳೆಯರ ಅಸಮಾಧಾನ ಬೇರೆ ಬಗೆಯದು. ಹೀಗೆ ನಡೆಯುವುದಿಲ್ಲವೆಂದು ಅವರು ಹೇಳುವುದಿಲ್ಲ. ಹೀಗೆ ನಡೆಯಗೊಟ್ಟದ್ದೇಕೆಂದು ಕೇಳುತ್ತಾರೆ. ಗ್ರಂಥದ ಫಲವನ್ನು ಅಳೆಯಬೇಕಾದವರು ಈ ಪ್ರಶ್ನೆಯಿಂದ ಆರಂಭಿಸಬೇಕಾಗಿತ್ತು.

ಪೂರ್ವಪಕ್ಷದ ಮುಖ್ಯ ದೋಷವೇನೆಂದರೆ, ಪಾತ್ರದ ಮಾತನ್ನು ಗ್ರಂಥದ ತಾತ್ಪರ್ಯವೆಂದು ಹಿಡಿದದ್ದು. ಎದುರು ನಿಲ್ಲಬೇಡವೆಂಬುದು ದವಡೆ ಮುರಿದ ಹುಡುಗನ ವೇದನೆಯಿಂದ ಹೊರಟ ಮಾತು, ಅದು ವಾಚ್ಯ. ಅದನ್ನು ಓದಿದ ವಾಚಕನ ಎದೆಯಲ್ಲಿ ಏಳುವುದಾದರೂ ಏನು? ಸರಿ, ನಾನೂ ತಲೆಬಾಗುತ್ತೇನೆಂಬ ಬುದ್ಧಿಯೆ? ಅಥವಾ ಈ ಹುಡುಗನ ಬಾಯಿಂದ ಇಂಥ ಮಾತು ಬರುವಂತೆ ಮಾಡಿದವರ ಮೇಲೆ ಕ್ರೋಧವೆ? ಎರಡನೆಯದೆಂಬುದಕ್ಕೆ ಪುಸ್ತಕವನ್ನು ಖಂಡಿಸಿದವರ ಕ್ರೋಧವೇ ಸಾಕ್ಷಿ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ಮಹಾಭಾರತದ ಪ್ರಧಾನ ರಸ ಯಾವುದೆಂದು ವಿಚಾರಿಸಿದಾಗ, ಗೆದ್ದವರ ಪಟ್ಟಾಭಿಷೇಕವನ್ನು ಪ್ರಮಾಣವಾಗಿ ಹಿಡಿಯಲಿಲ್ಲ. ವೃಷ್ಣಿಗಳು ತಮ್ಮತಮ್ಮಲ್ಲಿ ಹೊಡೆದಾಡಿ ಅಳಿದದ್ದು, ಪಾಂಡವರು ದಾರಿಯಲ್ಲಿ ಒಬ್ಬೊಬ್ಬರಾಗಿ ಬಿದ್ದದ್ದು, ಆ ವಿರಸವಾದ ಅವಸಾನವನ್ನೇ ಹಿಡಿದು, ಅದರಿಂದ ಹುಟ್ಟುವ ವೈರಾಗ್ಯದ ಮೂಲಕ ಶಾಂತವೇ ಆ ಗ್ರಂಥದ ತಾತ್ಪರ್ಯವೆಂದು ಸಾಧಿಸಿದನು. ಕೊನೆ ಕಹಿಯಾದ ಮಾತ್ರಕ್ಕೆ ಕೃತಿಯ ಉಪದೇಶ ಕಹಿಯೆಂದು ಹೇಳಬಾರದೆಂಬುದಕ್ಕೆ ಇದಕ್ಕಿಂತ ಹಿರಿಯ ನಿದರ್ಶನ ಬೇಕಾಗಿಲ್ಲ. ಚಾಕೊಲೆಟ್ಟಿನ ಕಥೆಗೂ ಮಹಾಭಾರತಕ್ಕೂ ಹೋಲಿಕೆಯೆಲ್ಲಿಯದೆಂದು ಯಾರಾದರೂ ನಕ್ಕರೆ ನಗಲಿ. ನ್ಯಾಯ ಸಣ್ಣದಕ್ಕೂ ದೊಡ್ಡದಕ್ಕೂ ಒಂದೇ.

1988ರಲ್ಲಿ ಕೀತ್ ಗಾರ್ಡನ್ ಎಂಬ ನಿರ್ದೇಶಕನು ಈ ಕಾದಂಬರಿಯನ್ನು ಚಲಚ್ಚಿತ್ರ ಮಾಡಿದಾಗ ಮುಕ್ತಾಯವನ್ನು ಮಾರ್ಪಡಿಸಿದನು. ವಿಜಿಲ್ಸ್ ಕೂಟದಲ್ಲಿ ಒಂದು ಕಟ್ಟಳೆಯುಂಟು: ನೇಮಿಸುವವನು ಪ್ರತಿ ಸಲವೂ ಕಪ್ಪು ಪೆಟ್ಟಿಗೆಯಿಂದ ಒಂದು ಗೋಲಿಯನ್ನು ತೆಗೆಯಬೇಕು, ಐದು ಬಿಳಿಯವು, ಒಂದು ಕರಿಯದು, ಕರಿಯದು ಬಂದರೆ ಆ ಕಾರ್ಯವನ್ನು ತಾನೇ ಮಾಡಬೇಕು. ಕಾದಂಬರಿಯಲ್ಲಿ ಆರ್ಚಿಯ ಕೈಗೆ ಬಿಳಿಯ ಗೋಲಿಯೇ ಬರುತ್ತದೆ. ಚಿತ್ರದಲ್ಲಿ ಕರಿಯದು ಬರುತ್ತದೆ, ಆರ್ಚಿ ಕಣಕ್ಕಿಳಿಯಬೇಕಾಗುತ್ತದೆ, ಜೆರಿ ಅವನನ್ನು ಹೊಡೆದು ಕೆಡವುತ್ತಾನೆ. ಕಂಬ ಒಡೆದು ನರಸಿಂಹ ಬಂದಂತಾಯಿತೆ? ಇಲ್ಲ. ಗೆದ್ದ ಜೆರಿಯ ಮುಖದಲ್ಲಿ ಸಂತೋಷವಿಲ್ಲ; ತಾನು ಅವರ ಆಟವನ್ನೇ ಆಡಿದೆನೆಂದು ಅವನಿಗೆ ತಿಳಿಯುತ್ತದೆ; ಆರ್ಚಿಯ ಸ್ಥಾನಕ್ಕೆ ಇನ್ನೊಬ್ಬ ಬರುತ್ತಾನೆ. ಗೆಲುವನ್ನು ಕೊಟ್ಟು ನೋಡಿದರೂ ಕಥೆ ಸಿಹಿಯಾಗಲಿಲ್ಲವೆಂದರೆ, ಅದರ ಕಹಿ ಸೋಲಿನಲ್ಲಿರಲಿಲ್ಲವೆಂದು ಸಿದ್ಧವಾಯಿತು.

ಎಲ್ಲಿದೆ ಹಾಗಾದರೆ? ಅಧ್ಯಾಪಕವೃತ್ತಿಯಲ್ಲಿರುವವರು ಈ ಕಾದಂಬರಿಯಲ್ಲಿ ಒಂದು ತರಗತಿಯ ಪ್ರಸಂಗವನ್ನು ಎರಡು ಬಾರಿ ಓದಬೇಕು. ಬ್ರದರ್ ಲಿಯಾನನು ಬೇಲಿ ಎಂಬ ಸಾಧುವಾದ ಜಾಣ ಹುಡುಗನನ್ನು ಎದುರಿಗೆ ಕರೆದು ನಿಲ್ಲಿಸುತ್ತಾನೆ. ಕೈಯಲ್ಲಿದ್ದ ಕೋಲು ಅಕಸ್ಮಾತ್ತೆಂಬಂತೆ ಹುಡುಗನ ಕೆನ್ನೆಗೆ ತಗಲುತ್ತದೆ. ಯಾವಾಗಲೂ ಪೂರ್ಣ ಅಂಕಗಳು ಬರಬೇಕಾದರೆ ನೀನು ನಕಲು ಮಾಡುತ್ತಿರಬೇಕೆಂದು ಆರೋಪ. ಹುಡುಗ ತಡವರಿಸುತ್ತಾನೆ. ತರಗತಿ ಮೊದಲು ನಗುತ್ತದೆ, ಆಮೇಲೆ ತೆಪ್ಪಗಾಗುತ್ತದೆ. ಬಹಳ ಹೊತ್ತಿನ ಮೇಲೆ ಹಿಂದಿನಿಂದ ಯಾವನೋ ಒಬ್ಬ ಅವನನ್ನು ಬಿಟ್ಟುಬಿಡಿರೆಂದು ಕೂಗುತ್ತಾನೆ. ಆಗ ಲಿಯಾನನು ಮುಖಭಾವವನ್ನು ಬದಲಾಯಿಸಿ, ಬೇಲಿಯನ್ನು ಹೊಗಳಿ, ಒಬ್ಬ ಸಹಪಾಠಿಗೆ ಅನ್ಯಾಯವಾಗುತ್ತಿರುವಾಗ ಸುಮ್ಮನೆ ಕುಳಿತಿರಲ್ಲಾ ಎಂದು ತರಗತಿಯನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ದ್ಯೂತಸಭೆಯಲ್ಲಿ ಭೀಷ್ಮದ್ರೋಣರು ಸುಮ್ಮನಿದ್ದರು. ವಿಕರ್ಣನೊಬ್ಬನು ಎದ್ದು ನಿಂತು ಅಧರ್ಮವೆಂದ. ಇಲ್ಲಿಯೂ ಒಬ್ಬ ವಿಕರ್ಣನ ದನಿಯುಂಟು. ಆದರೆ ಸಭೆ ಮುಗಿದ ಮೇಲೆ ದುರ್ಯೋಧನನೇ ಎದ್ದು ಭೀಷ್ಮನ ಮೌನವನ್ನು ಕುರಿತು ಧರ್ಮೋಪದೇಶ ಮಾಡಿದಂತೆ ಆಯಿತು ಈ ಪ್ರಸಂಗ! ಉಪದೇಶದ ಮಾತು ನಿಜ, ಹೇಳಿದವನ ಬಾಯಿ ಸುಳ್ಳು. ಇಂತಹ ಗುರುವಿನ ಕೈಯಲ್ಲಿ ಸತ್ಯವನ್ನು ಕಲಿತ ಮಕ್ಕಳು ಮುಂದೆ ಸತ್ಯದ ಹೆಸರನ್ನು ಕೇಳಿದಾಗ ಏನೆಂದುಕೊಂಡಾರು? ಕಾದಂಬರಿಯ ಭಯಾನಕವು ಮುಷ್ಟಿಯುದ್ಧದಲ್ಲಿಲ್ಲ, ಇಲ್ಲಿದೆ.

ಬ್ಯಾಗ್ನಲ್ ಅವರು ನೆಚ್ಚತಕ್ಕ ಹಿರಿಯರಿಲ್ಲವೆಂದು ಎತ್ತಿದ ಆಕ್ಷೇಪ ಸತ್ಯವೇ. ಅವರು ಅದನ್ನು ಕೃತಿಯ ಕೊರತೆಯೆಂದು ಎಣಿಸಿದರು. ಅದು ಕೃತಿಯ ವಸ್ತು. ನಿಜವಾಗಿ ನಡೆದ ಸಂಗತಿಯನ್ನು ಇಲ್ಲಿ ನೆನೆಯಬೇಕು. ಕಾರ್ಮಿಯರನ ಮಗ ಪೆಟ್ಟಿಗೆಗಳನ್ನು ಹಿಂದಿರುಗಿಸುವ ಮುನ್ನ ಮನೆಯಲ್ಲಿ ಮಾತು ನಡೆದಿತ್ತು. ಹುಡುಗನ ಇಲ್ಲವೆಂಬ ಮಾತಿನ ಹಿಂದೆ ಮನೆಯವರೆಲ್ಲ ನಿಂತಿದ್ದರು. ಕಾದಂಬರಿಯನ್ನು ರಚಿಸುವಾಗ ಅವನು ಕಥೆಯಿಂದ ತೆಗೆದುಹಾಕಿದ್ದು ಅದೊಂದನ್ನೇ. ತಾಯಿಯನ್ನು ಸಾಯಿಸಿದ, ತಂದೆಯ ಬಾಯನ್ನು ಕಟ್ಟಿದ, ಮುಖ್ಯೋಪಾಧ್ಯಾಯನನ್ನು ಆಸ್ಪತ್ರೆಗೆ ಕಳುಹಿಸಿದ. ಅಷ್ಟು ಮಾಡಿದ ಮೇಲೆ ಅದೇ ಸಣ್ಣ ಸಂಗತಿ ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದನ್ನು ತೋರಿಸಿದ. ಜೆರಿಯ ತಂದೆ ದುಷ್ಟನಲ್ಲ, ದುಃಖದಲ್ಲಿ ಮುಳುಗಿದವನು. ರಾತ್ರಿ ಮೊಳಗುವ ಟೆಲಿಫೋನು ಅವನ ಕಿವಿಗೂ ಬೀಳುತ್ತದೆ. ಆದರೂ ಮಗನ ಮುಂದೆ ಕುಳಿತು ನಡೆದದ್ದೇನೆಂದು ಕೇಳಿ ತಿಳಿಯುವುದಿಲ್ಲ. ಇಂತಹ ತಂದೆಯರು ಲೋಕದಲ್ಲಿಲ್ಲವೆನ್ನಲು ಯಾರಿಗೆ ಧೈರ್ಯವಿದೆ?

ಇಷ್ಟಾದರೂ ಪೂರ್ವಪಕ್ಷದಲ್ಲಿ ಸುಲಭವಾಗಿ ತಳ್ಳಿಹಾಕಲಾಗದ ಒಂದು ಅಂಶ ಉಳಿಯುತ್ತದೆ. ವ್ಯಂಗ್ಯಾರ್ಥವು ಸಹೃದಯನಿಗೆ ಮಾತ್ರ ಹೊಳೆಯತಕ್ಕದ್ದು. ಹದಿಮೂರು ವರ್ಷದ ಹುಡುಗನು ಸಹೃದಯನೆ? ಅದರಲ್ಲಿಯೂ ಜೆರಿಯಂತೆಯೇ ಒಂಟಿಯಾಗಿ ಪೆಟ್ಟು ತಿನ್ನುತ್ತಿರುವ ಮಗುವಿನ ಕೈಗೆ ಈ ಪುಸ್ತಕ ಬಂದರೆ ಅದು ವಾಚ್ಯವನ್ನೇ ನಂಬಿ ಕುಗ್ಗಿಹೋಗದೆ? ಅಧಿಕಾರಿಭೇದವನ್ನು ಶಾಸ್ತ್ರಗಳು ಒಪ್ಪಿವೆ. ಕಾವ್ಯಕ್ಕೆ ಮಾತ್ರ ಅದು ಬೇಡವೆನ್ನುವುದು ಹಟ. ಕಾರ್ಟರ್, ಹ್ಯಾರಿಸ್ ಅವರ ಉತ್ತರ ಪ್ರೌಢ ವಾಚಕನಿಗೆ ಸಾಲುತ್ತದೆ, ಈ ಮಗುವಿಗೆ ಸಾಲದು. ಆದರೆ ಪುಸ್ತಕವನ್ನು ಕಪಾಟಿನಿಂದ ತೆಗೆದುಹಾಕಿದ ಮಾತ್ರಕ್ಕೆ ಆ ಮಗುವಿನ ಒಂಟಿತನ ತೊಲಗೀತೆ? ಅದೇ ಪುಟಗಳನ್ನು ಮನೆಯ ಹಿರಿಯರೊಬ್ಬರು ಓದಿದ್ದರೆ, ಜೆರಿ ಹೇಳಿದ್ದು ಸರಿಯೆಂದು ನಿನಗೆ ತೋರುತ್ತದೆಯೆ ಎಂದು ಒಂದು ಮಾತು ಕೇಳಿದರೆ, ಮಗು ಬಾಯಿ ಬಿಡುವ ಸಂಭವವುಂಟು. ಆಕ್ಷೇಪಣೆಯ ಅರ್ಜಿಯನ್ನು ಬರೆಯುವುದಕ್ಕಿಂತ ಈ ಪ್ರಶ್ನೆಯನ್ನು ಕೇಳುವುದು ಕಷ್ಟ. ಕಾರ್ಮಿಯರನು 1977ರಲ್ಲಿ ಪ್ರಕಟಿಸಿದ ‘ಐ ಆಮ್ ದಿ ಚೀಸ್’ ಎಂಬ ಕಾದಂಬರಿಯಲ್ಲಿ ಒಂದು ಪಾತ್ರದ ಟೆಲಿಫೋನ್ ಸಂಖ್ಯೆಯೆಂದು ತನ್ನ ಮನೆಯ ಸಂಖ್ಯೆಯನ್ನೇ ಅಚ್ಚು ಹಾಕಿಸಿದ್ದನು. ಎಳೆಯ ವಾಚಕರು ವರ್ಷಗಳ ಕಾಲ ಆ ಸಂಖ್ಯೆಗೆ ಕರೆ ಮಾಡಿದರು; ಅವನು ಎತ್ತಿ ಮಾತನಾಡುತ್ತಿದ್ದನು. ನೈರಾಶ್ಯವನ್ನು ಬೋಧಿಸುವವನೆಂದು ಹೆಸರಾದವನ ವರ್ತನೆ ಇದು.

ಕೃತಿ ನಿರ್ದೋಷವೆಂದು ಇದರ ಅರ್ಥವಲ್ಲ. ಲಿಯಾನನ ಅಂತರಂಗ ಕೊನೆಯವರೆಗೂ ಮುಚ್ಚಿಯೇ ಉಳಿಯುತ್ತದೆ. ಅವನಂತಹವನು ಹೇಗೆ ಹಾಗಾದನೆಂಬ ಕುತೂಹಲಕ್ಕೆ ಉತ್ತರವಿಲ್ಲ. ಹೆಣ್ಣುಮಕ್ಕಳು ಹುಡುಗರ ಕಣ್ಣಿಗೆ ಬೀಳುವ ಆಕೃತಿಗಳಾಗಿ ಸುಳಿದುಹೋಗುತ್ತಾರಲ್ಲದೆ ಮನುಷ್ಯರಾಗಿ ಬರುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಆರ್ಚಿಯ ಮಾತಿಗೆ ಬಂದಾಗ ಲೇಖಕನ ಶೈಲಿಗೆ ಹೊಳಪು ಹೆಚ್ಚುತ್ತದೆ. ದುಷ್ಟನ ಜಾಣ್ಮೆಗೆ ತಾನೇ ಸ್ವಲ್ಪ ಮರುಳಾದನೋ ಎಂಬ ಸಂಶಯಕ್ಕೆ ಎಡೆಯಾಗುತ್ತದೆ. 1985ರಲ್ಲಿ ಬರೆದ ಉತ್ತರಭಾಗದಲ್ಲಿ ಜೆರಿ ಚೇತರಿಸಿಕೊಂಡು ಅದೇ ಶಾಲೆಗೆ ಮರಳಲು ನಿಶ್ಚಯಿಸುತ್ತಾನೆ. ಕೆಲವರಿಗೆ ಅದು ಸಮಾಧಾನ ತಂದಿದೆ. ಆದರೆ ಮೊದಲನೆಯದರ ತೀಕ್ಷ್ಣತೆ ಅದಕ್ಕಿಲ್ಲ.

ಬಿಡಿ ಪಾತ್ರಗಳಲ್ಲಿ ಗೂಬರನದು ಶ್ರೇಷ್ಠವಾದ ರಚನೆ. ವಾಚಕರು ತಮ್ಮನ್ನು ಜೆರಿಯೊಡನೆ ಒಂದಾಗಿಸಿಕೊಂಡು ವಾದಿಸುತ್ತಾರೆ. ವಾಸ್ತವವಾಗಿ ನಮ್ಮಲ್ಲಿ ಬಹುಮಂದಿ ಗೂಬರರು. ಅವನು ಒಳ್ಳೆಯವನು, ಉದ್ದಕಾಲಿನ ಓಟಗಾರ, ಅನ್ಯಾಯವನ್ನು ಕಂಡು ಒಳಗೊಳಗೇ ಬೇಯುವವನು. ಗೆಳೆಯನಿಗಾಗಿ ತಾನೂ ಇಪ್ಪತ್ತೇಳು ಪೆಟ್ಟಿಗೆಗಳಿಗೆ ಮಾರಾಟವನ್ನು ನಿಲ್ಲಿಸುತ್ತಾನೆ, ಯಾರಿಗೂ ಹೇಳುವುದಿಲ್ಲ. ಒಂದು ದಿನ ಗೂಬರ್ ಐವತ್ತನ್ನೂ ಮಾರಿ ಮುಗಿಸಿದನೆಂದು ಶಾಲೆಯಲ್ಲಿ ಸಾರಲಾಗುತ್ತದೆ. ಹುಡುಗರು ಕೇಕೆ ಹಾಕುತ್ತಾರೆ. ಸುಳ್ಳೆಂದು ಅವನೊಬ್ಬನಿಗೆ ಗೊತ್ತು. ಅದನ್ನು ಹೇಳಲು ಬಾಯಿ ತೆರೆದರೆ ಸಾಕಾಗಿತ್ತು. ಅವನು ತೆರೆಯಲಿಲ್ಲ, ಕಣ್ಣೀರನ್ನು ತಡೆದುಕೊಂಡು ಹೊರಟುಹೋದ.

ಹಿರಿಯರ ಪೈಕಿಯೂ ಅಂಥ ಒಬ್ಬನಿದ್ದಾನೆ. ಖಂಡಿಸಿದವರಲ್ಲಿ ಬಹುಮಂದಿಯ ಕಣ್ಣಿಗೆ ಅವನು ಬಿದ್ದಂತಿಲ್ಲ. ಬ್ರದರ್ ಜಾಕ್ ಎಂಬ ಅಧ್ಯಾಪಕನಿಗೆ ಶಾಲೆಯಲ್ಲಿ ಗುಪ್ತಕೂಟವಿರುವುದು ಮೊದಲಿನಿಂದಲೂ ತಿಳಿದದ್ದೇ. ಮುಷ್ಟಿಯುದ್ಧದ ರಾತ್ರಿ ಮೈದಾನದ ದೀಪಗಳನ್ನು ಆರಿಸಿ ಆಟವನ್ನು ನಿಲ್ಲಿಸಿದವನು ಅವನೇ. ಅದೇ ಹೊತ್ತಿನಲ್ಲಿ ಲಿಯಾನನು ದೂರದ ದಿಣ್ಣೆಯ ಮೇಲೆ ನಿಂತು ನೋಡುತ್ತಿದ್ದನು. ಜಾಕ್ ಬಂದು ದೀಪವನ್ನು ಆರಿಸಿದಾಗ ಹುಡುಗ ಆಗಲೇ ನೆಲಕ್ಕೆ ಬಿದ್ದಿದ್ದ.